ಕೆಳಗಿನ ಲೇಯರಿನವಳು

"ಗೆರೆ ಚೆನ್ನಾಗಿದೆ. ಆದ್ರೆ ಇದನ್ನ ಯಾರೂ ಎಳೆದ ಹಾಗಿಲ್ಲ."

ವಿಡಿಯೋ ಕರೆಯ ಪರದೆಯ ಮೇಲಿದ್ದ ಮುಖಗಳ ಚೌಕಗಳೆಲ್ಲ ತೆಪ್ಪಗಾದವು. ಯಾರೋ ನೀರು ಕುಡಿಯಲು ಎತ್ತಿದ ಲೋಟ ಎತ್ತಿದ ಹಾಗೇ ನಿಂತಿತು.

ಮಾತಾಡಿದವನು ಕೆಳಗಿನ ಸಾಲಿನ ಚೌಕದಲ್ಲಿದ್ದ. ಅವನ ಮುಖ ಕ್ಯಾಮೆರಾದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿತ್ತು, ಕಿವಿ ಮಾತ್ರ ನೇರವಾಗಿ ಇತ್ತ ಕಡೆಗಿತ್ತು. ಹುಟ್ಟಿದಾಗಿನಿಂದ ಅವನಿಗೆ ಕಣ್ಣು ಕಾಣುವುದಿಲ್ಲ. ಸದ್ದುಗಳನ್ನು ಕೂಡಿಸಿ ಸಂಗೀತ ಕಟ್ಟುವುದು ಅವನ ಕಸುಬು. ಚಿತ್ರದ ಫೈಲ್ ಹಾಕಿದರೆ ಒಂದೊಂದು ಗೆರೆಯನ್ನೂ ಸ್ವರ ಮಾಡಿ ನುಡಿಸುವ ಸಾಫ್ಟ್‌ವೇರ್ ಅವನ ಬಳಿ ಇತ್ತು. ಗೆರೆ ಮೇಲೇರಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಗುಂಪಿನಲ್ಲಿ ಎಲ್ಲರೂ ಅವನನ್ನು ಸದ್ದಿನವರು ಎಂದೇ ಕರೆಯುತ್ತಿದ್ದರು.

ಅವನು ಈಗಷ್ಟೇ ಕೇಳಿಸಿಕೊಂಡದ್ದು ಗುಂಪಿನವರು ಗುಬ್ಬಿ ಎಂದು ಕರೆಯುವ ಹುಡುಗಿ ಬಿಡಿಸಿದ ಚಿತ್ರವನ್ನು.

'ಇವನ್ಯಾರು ಹೇಳೋಕೆ...' ಗುಬ್ಬಿಗೆ ಕಿವಿಯ ತುದಿವರೆಗೆ ಬಿಸಿಯೇರಿತು. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಇವನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದ್ದ, ಕೋಪವೇನೂ ಕಡಿಮೆ ಬರಲಿಲ್ಲ.

"ಯಾರೂ ಎಳೆಯದೆ ಚಿತ್ರ ತಾನಾಗೇ ಬಂತಾ?" ಎಂದಳು.

"ಅದನ್ನೇ ನಾನೂ ಕೇಳ್ತಿರೋದು," ಎಂದ ಅವನು, ಸ್ವಲ್ಪವೂ ವ್ಯಂಗ್ಯವಿಲ್ಲದೆ.

ಗುಂಪಿನ ಸಂಚಾಲಕಿ ಗಂಟಲು ಸರಿಮಾಡಿಕೊಂಡು, ಈ ಇಬ್ಬರೂ ಇನ್ನು ಮುಂದೆ ಜೋಡಿಯಾಗಿ ಕೆಲಸ ಮಾಡಬೇಕು ಎಂದು ಘೋಷಿಸಿದಳು. ಇಂಥ ಜೋಡಿ ಕೂಡಿಸುವವರಿಗೆ ಯಾವ ದೇವರು ಬುದ್ಧಿ ಕೊಡುತ್ತಾನೋ ತಿಳಿಯದು.

ಕಲಾವಿದರ ರೆಸಿಡೆನ್ಸಿ ಅಂದರೆ ಸಾಮಾನ್ಯವಾಗಿ ಮನೆ ಬಿಟ್ಟು ಎಲ್ಲೋ ದೂರದ ಬಂಗಲೆಗೆ ಹೋಗಿ ಕೆಲವು ವಾರ ಇದ್ದು ಕಲೆ ಮಾಡುವುದು. ಆ ಬಂಗಲೆಗಳಿಗೆ ಮೆಟ್ಟಿಲುಗಳು ಬಹಳ. ಮೆಟ್ಟಿಲು ಹತ್ತಲಾಗದವರು, ಸದ್ದು ಕೇಳದವರು, ಬೆಳಕು ಕಾಣದವರು, ಒಂದು ಗಂಟೆ ಕೂತರೆ ಒಂದು ದಿನ ಮಲಗಬೇಕಾದವರು ಅಲ್ಲಿಗೆ ಹೋಗುವಂತಿಲ್ಲ. ಅಂಥವರಿಗಾಗಿಯೇ ಈ ಆನ್‌ಲೈನ್ ರೆಸಿಡೆನ್ಸಿ. ಅವರವರ ಮನೆಯಲ್ಲಿ ಅವರವರ ಕುರ್ಚಿ, ನಡುವೆ ಒಂದು ಪರದೆ.

ಇಲ್ಲಿಯ ಪದ್ಧತಿಗಳೂ ಬೇರೆ. ಮಾತಾಡುವ ಮುನ್ನ ಯಾರು ಎಂದು ಹೇಳಬೇಕು. ಚಿತ್ರ ತೋರಿಸಿದರೆ ಅದರಲ್ಲೇನಿದೆ ಎಂದು ಬಾಯಲ್ಲೂ ವರ್ಣಿಸಬೇಕು. ಚಪ್ಪಾಳೆಯ ಬದಲು ಕೈ ಮೇಲೆತ್ತಿ ಆಡಿಸಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು: ನಿಮಗೇನಾಗಿದೆ ಎಂದು ಯಾರೂ ಯಾರನ್ನೂ ಕೇಳಬಾರದು, ನಿಮಗೇನು ಬೇಕು ಎಂದು ಮಾತ್ರ ಕೇಳಬೇಕು. ಬೇಡ ಎಂದವರ ಬಳಿ ಕಾರಣ ಕೇಳುವುದೂ ನಿಷಿದ್ಧ.

ಬಹಳ ಒಳ್ಳೆಯ ನಿಯಮ. ಈ ಕಥೆಯ ಗೋಳೆಲ್ಲ ಹುಟ್ಟಿದ್ದೇ ಅದರಿಂದ.

ಗುಬ್ಬಿಗೇನು ಬೇಕು ಎಂದು ಸಂಚಾಲಕಿ ಮೊದಲ ದಿನ ಕೇಳಿದಾಗ ಅವಳು, "ನನಗೇನೂ ಬೇಡ," ಎಂದಿದ್ದಳು. ಆದರೆ ಕ್ಯಾಮೆರಾ ಸರಿಮಾಡಲು ಕೈಯೆತ್ತಿದಾಗ ಆ ಕೈ ನಡುಗಿದ್ದನ್ನು ಕಣ್ಣಿದ್ದವರೆಲ್ಲ ನೋಡಿದರು. ಯಾರೂ ತುಟಿ ಬಿಚ್ಚಲಿಲ್ಲ.

ಚಿಕ್ಕಂದಿನಿಂದ ಅವಳ ಕೈ ನಡುಗುತ್ತದೆ. ಔಷಧಿಗೆ ಬಗ್ಗದ ನಡುಕ. ಯಾರೆದುರೂ ಅವಳು ಟೀ ಕಪ್ಪು ಎತ್ತುವುದಿಲ್ಲ. ನೆಂಟರ ಮನೆಯಲ್ಲಿ ಟೀ ಕೊಟ್ಟರೆ, "ಈಗಷ್ಟೇ ಆಯ್ತು," ಎನ್ನುತ್ತಾಳೆ. ಶಾಲೆಯಲ್ಲಿ ಒಮ್ಮೆ ಅವಳ ಚಿತ್ರಕ್ಕೆ ಮೊದಲ ಬಹುಮಾನ ಬಂದಿತ್ತು. ತೀರ್ಪುಗಾರರು ಅವಳು ಬರೆಯುತ್ತಿದ್ದ ಕೈಯನ್ನೇ ನೋಡಿ, "ಪಾಪ, ಎಂಥ ಧೈರ್ಯ," ಎಂದು ತಲೆ ಸವರಿ ಹೋದರು, ಚಿತ್ರದ ಕಡೆ ಕಣ್ಣೇ ಹಾಯಿಸಲಿಲ್ಲ. ಆ ಬಹುಮಾನವನ್ನು ಅವಳು ಮನೆಗೆ ತರಲೇ ಇಲ್ಲ. ಚಿತ್ರ ಚೆನ್ನಾಗಿದೆ ಎಂದು ಒಬ್ಬರು, ಒಬ್ಬರಾದರೂ, ಕೈಯನ್ನು ಮರೆತು ಹೇಳಬೇಕು... ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಹಾಗಾಗಿ ಅವಳೊಂದು ದಾರಿ ಕಂಡುಕೊಂಡಿದ್ದಳು. ಮಕ್ಕಳ ಆಟಿಕೆ ಡಬ್ಬಿಗಳ ಮೇಲಿನ ಚಿತ್ರ ಬಿಡಿಸಿ ಕಂಪನಿಗಳಿಗೆ ಕಳಿಸುವುದು ಅವಳ ಕೆಲಸ. ಮೊದಲು ನಡುಗುವ ಕೈಯಲ್ಲೇ ಇಡೀ ಚಿತ್ರ ಬಿಡಿಸುವಳು. ಆಮೇಲೆ ಅದರ ಮೇಲೆ ಇನ್ನೊಂದು ಲೇಯರ್, ಅಂದರೆ ಗಾಜಿನ ಹಾಳೆಯಂಥ ಇನ್ನೊಂದು ಪದರ ಹಾಕಿ, ಗೆರೆ ನಯ ಮಾಡುವ ಗುಂಡಿಯನ್ನು ಪೂರ್ತಿ ಏರಿಸಿ, ಅದೇ ಚಿತ್ರವನ್ನು ಮತ್ತೆ ಬಿಡಿಸುವಳು. ಕೆಳಗಿನದನ್ನು ಕಾಣದಂತೆ ಮುಚ್ಚಿಬಿಡುವಳು. ಅಳಿಸುತ್ತಿರಲಿಲ್ಲ. ಯಾಕೆ ಅಳಿಸುವುದಿಲ್ಲ ಎಂದು ಅವಳಿಗೂ ಗೊತ್ತಿರಲಿಲ್ಲ.

"ಯಾಕೆ ಮುಖ ಊದಿಸ್ಕೊಂಡಿದ್ದೀಯ?" ಎಂದಳು ಅತ್ತಿಗೆ, ಅವತ್ತು ಕಂಪ್ಯೂಟರ್ ಮುಚ್ಚಿ ಎದ್ದುಬಂದ ಗುಬ್ಬಿಯನ್ನು ನೋಡಿ.

ಅತ್ತಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವ ವಿದ್ಯೆ ಅವಳಿಗೆ ಸಿದ್ಧಿಸಿತ್ತು. ಗುಬ್ಬಿ ಎಂಬ ಹೆಸರೂ ಅವಳೇ ಇಟ್ಟದ್ದು, ರೆಸಿಡೆನ್ಸಿಗೆ ಅರ್ಜಿ ಹಾಕಿಸಿದ್ದೂ ಅವಳೇ.

"ಒಬ್ಬ ಮಹಾನುಭಾವ ನನ್ನ ಚಿತ್ರನ ಯಾರೂ ಎಳೆದ ಹಾಗಿಲ್ಲ ಅಂದ."

"ನೋಡಿ ಅಂದ್ನಾ?"

"ಕೇಳಿ ಅಂದ. ಅವನಿಗೆ ಕಣ್ಣು ಕಾಣಲ್ಲ."

ಅತ್ತಿಗೆ ಪಿನ್ನುಗಳನ್ನು ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು. "ಹಾಗಾದ್ರೆ ಮುಖ ನೋಡಿ ಮಣೆ ಹಾಕೋನಲ್ಲ. ಇನ್ನೊಂದು ಸಲ ಮಾತಾಡಿ ನೋಡು."

ಗುಬ್ಬಿ ಮಾತಾಡುವ ಬದಲು ಈ ಸಲ ಹೊಸ ಚಿತ್ರದ ಮೂಲ ಫೈಲನ್ನೇ, ಅಂದರೆ ಲೇಯರುಗಳು ಬೇರೆಬೇರೆಯಾಗೇ ಉಳಿದಿರುವುದನ್ನೇ, ಕಳಿಸಿದಳು. ಒಂದು ಹಳೇ ಬೀದಿ, ಒಂದು ಬೋಳು ಮರ, ಕಿಟಕಿಯಲ್ಲಿ ಒಣಗುವ ಬಟ್ಟೆ. ಮೇಲಿನ ಲೇಯರ್ ನಯವಾಗಿತ್ತು, ಕೆಳಗಿನದು ಎಂದಿನಂತೆ ಮುಚ್ಚಿತ್ತು.

ಮುಚ್ಚಿದ್ದು ಕಣ್ಣಿಗೆ. ಅವನ ಸಾಫ್ಟ್‌ವೇರಿಗೆ ಕಣ್ಣಿರಲಿಲ್ಲ. ಫೈಲಿನಲ್ಲಿ ಇದ್ದ ಲೇಯರುಗಳನ್ನೆಲ್ಲ ಅದು ಒಂದೂ ಬಿಡದೆ ನುಡಿಸಿಬಿಟ್ಟಿತು.

ಮರುದಿನ ಅವನ ಕರೆ ಬಂತು. ಬರೀ ದನಿಯ ಕರೆ.

"ಗುಬ್ಬಿಯವರೇ, ಕೆಳಗಡೆ ಇರೋರು ಯಾರು?"

"ಎಲ್ಲಿ ಕೆಳಗಡೆ?"

"ನಿಮ್ಮ ಚಿತ್ರದಲ್ಲಿ. ಇಬ್ಬರಿದ್ದಾರೆ. ಮೇಲೊಬ್ಬರು, ಅವರು ನನಗೆ ಗೊತ್ತು, ಅವತ್ತಿನವರೇ. ಅವರ ಕೆಳಗೆ ಇನ್ನೊಬ್ಬರು ಅದೇ ಬೀದೀನ ಬರೆದಿದ್ದಾರೆ."

ಗುಬ್ಬಿಗೆ ಮುಚ್ಚಿದ ಲೇಯರಿನ ನೆನಪಾಯಿತು. ಅವಳ ಜೀವಮಾನದ ಗುಟ್ಟನ್ನು ಅವನು ಹೆಡ್‌ಫೋನ್ ಹಾಕಿಕೊಂಡು ಆರಾಮಾಗಿ ಕೇಳಿಸಿಕೊಂಡಿದ್ದ.

"...ಅದು ನಾನೇ," ಎಂದಳು ಕೊನೆಗೆ.

"ಹಾಗಾದ್ರೆ ಮೇಲಿನವರು ಯಾರು?"

ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು, ಅದು ಕಿರುಗುಟ್ಟಿತು.

"ಇನ್ಮೇಲೆ ಕೆಳಗಿನವರ ಜೊತೇಲೇ ಕೆಲಸ ಮಾಡ್ತೀನಿ," ಎಂದ. "ಏನು ಗೆರೆ ಅದು... ಆ ಬೀದೀಲಿ ಗಾಳಿ ಇದೆ."

ಫೋನಿಟ್ಟ ಮೇಲೆ ಗುಬ್ಬಿ ಮುಚ್ಚಿದ ಲೇಯರನ್ನು ತೆರೆದು ನೋಡಿದಳು. 'ಇವರಿಗೆ ಗೊತ್ತಾಗಿದೆ. ನನ್ನ ಕೈ ನಡುಗತ್ತೆ ಅಂತ ಗೊತ್ತಾಗಿದೆ. ಆದ್ರೂ ಪಾಪ ಅನ್ನಲಿಲ್ಲ.' ಆ ದಿನ ಅವಳು ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ನಗುತ್ತಿದ್ದುದನ್ನು ಅತ್ತಿಗೆ ನೋಡಿದಳು. ನೋಡಿ ಏನೂ ಅನ್ನದೆ ಅಣ್ಣನ ಕಡೆ ಹುಬ್ಬು ಹಾರಿಸಿದಳು.

ಅಲ್ಲಿಂದ ದಿನಗಳು ಹೇಗೆ ಹೋದವೋ. ಬೆಳಿಗ್ಗೆ ಅವಳು ಒಂದು ಗೆರೆ ಎಳೆದು ಕಳಿಸುವಳು, ಮಧ್ಯಾಹ್ನ ಅವನು ಅದನ್ನು ಸದ್ದು ಮಾಡಿ ಹಿಂದಕ್ಕೆ ಕಳಿಸುವನು. ಗೆರೆ ನಯ ಮಾಡುವ ಗುಂಡಿಯನ್ನು ಅವಳು ಮುಟ್ಟಲೇ ಇಲ್ಲ. ಕರೆಗಳು ಉದ್ದವಾದವು. ಕೆಲಸದ ಮಾತು ಮುಗಿದ ಮೇಲೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ.

"ನಿಮ್ಮ ಕುರ್ಚಿ ಯಾವಾಗ್ಲೂ ಕಿರುಗುಟ್ಟುತ್ತೆ," ಎಂದ ಒಂದು ಸಲ.

"ಹಳೇದು."

"ತುಂಬಾ ವರ್ಷದಿಂದ ಅದರಲ್ಲೇ ಇದ್ದೀರಾ?"

"ಹೂಂ. ಅದು ಬಿಟ್ಟು ನಾನಿಲ್ಲ."

ಅವನು ತಕ್ಷಣ ಬೇರೆ ಮಾತೆತ್ತಿದ. ಅವಳಿಗದು ವಿಚಿತ್ರ ಎನಿಸಲಿಲ್ಲ. ಪ್ರೀತಿಯಲ್ಲಿ ಬಿದ್ದವರಿಗೆ ಏನೂ ವಿಚಿತ್ರ ಎನಿಸುವುದಿಲ್ಲ. ಹೌದು, ಬಿದ್ದಿದ್ದಳು. ಒಪ್ಪಿಕೊಳ್ಳಲು ಇನ್ನೂ ಸಿದ್ಧಳಿರಲಿಲ್ಲ, ಅಷ್ಟೇ.

ಮುಕ್ತಾಯದ ಪ್ರದರ್ಶನಕ್ಕೆ ಮುಂಚೆ ಎಲ್ಲರೆದುರು ಒಂದು ರಿಹರ್ಸಲ್ ಇತ್ತು. ಇಬ್ಬರೂ ಸೇರಿ ಕಟ್ಟಿದ ಸಂಗೀತದ ತುಣುಕನ್ನು ಅವನು ನುಡಿಸಿದ. ಗುಬ್ಬಿಯ ಬೀದಿ, ಮರ, ಬಟ್ಟೆ ಎಲ್ಲವೂ ಸಣ್ಣ ಅಲೆಯ ಸದ್ದಾಗಿ ಹರಿದವು. ಪರದೆಯ ತುಂಬ ಕೈಗಳು ಮೇಲೆದ್ದು ಆಡಿದವು.

"ಇದರ ಹೆಸರು 'ನಡುಕ'," ಎಂದ ಅವನು. "ಗುಬ್ಬಿಯವರ ಗೆರೆಯ ಜೀವ ಇರೋದೇ ಅದರಲ್ಲಿ."

ಗುಬ್ಬಿಯ ಮುಖದ ನಗು ಅಲ್ಲೇ ಇಂಗಿತು.

ಗುಂಪಿನ ಹಿರಿಯ ಶಿಲ್ಪಿ ಒಬ್ಬರು ಬರೆದ ಸಾಲು ಪರದೆಯ ಮೇಲೆ ಬಂತು. ಸದ್ದಿನವನ ಕಂಪ್ಯೂಟರ್ ಅದನ್ನು ತನ್ನ ಚಪ್ಪಟೆ ದನಿಯಲ್ಲಿ ಅವನಿಗೆ ಓದಿ ಹೇಳಿತು. "ಗುಬ್ಬಿ, ಎಂಥ ಧೈರ್ಯ ನಿಮ್ಮದು."

"ಹೌದು," ಎಂದ ಅವನು ಉತ್ಸಾಹದಿಂದ. "ಧೈರ್ಯವೇ. ಈ ಥರ ಎಳೆಯೋಕೆ ಯಾರಿಗಿರುತ್ತೆ?"

ಗುಬ್ಬಿ ಮತ್ತೆ ಶಾಲೆಯ ಆ ಹಳೇ ಬೆಂಚಿನ ಮೇಲಿದ್ದಳು. 'ಇವರೂ ಕೈಯನ್ನೇ ನೋಡಿದ್ರು. ಕಣ್ಣಿಲ್ಲದೇನೂ ಕೈಯನ್ನೇ ನೋಡಿದ್ರು... ನನ್ನ ಕಾಯಿಲೆಗೆ ಹೆಸರಿಟ್ಟು ಊರೆಲ್ಲ ಸಾರಿದ್ರು.'

ಅವಳು ಚೌಕದಿಂದ ಮಾಯವಾದಳು. ಅತ್ತಳು, ಚೆನ್ನಾಗಿಯೇ ಅತ್ತಳು. ಅತ್ತು ಮುಗಿದ ಮೇಲೆ ಒಂದು ಸಂದೇಶ ಕಳಿಸಿದಳು: "ನನ್ನ ಗೆರೆಗಳನ್ನು ತೆಗೆದುಬಿಡಿ. ಕಾರಣ ಕೇಳಬೇಡಿ."

ಉತ್ತರ ಬರಲು ತಡವಾಯಿತು. "ತೆಗೆದಿದ್ದೀನಿ. ಕಾರಣ ಕೇಳೋದಿಲ್ಲ. ಅವು ಇದ್ದ ಜಾಗದಲ್ಲಿ ಬೇರೇನೂ ಹಾಕಲ್ಲ, ಮೌನವಾಗೇ ಇರಲಿ. ಪ್ರದರ್ಶನದ ದಿನ ನಮ್ಮೂರಿನ ಹಾಲ್‌ನಲ್ಲೂ ಜನ ಸೇರ್ತಾರೆ. ಬರೋ ಮನಸ್ಸಾದ್ರೆ ಬನ್ನಿ. ನಿಮಗೆ ಬೇಕಾದ ವ್ಯವಸ್ಥೆ ಮಾಡಿಸಿದ್ದೀನಿ."

"ವ್ಯವಸ್ಥೆಯಂತೆ!" ಗುಬ್ಬಿ ಫೋನನ್ನು ಹಾಸಿಗೆಯ ಮೇಲೆಸೆದಳು. "ನಾನು ಕುಡಿಯೋಕೆ ಸ್ಟ್ರಾ ತಂದಿಟ್ಟಿರ್ತಾರೆ. ಮುಚ್ಚಳ ಇರೋ ಲೋಟ ತಂದಿಟ್ಟಿರ್ತಾರೆ."

"ಇಷ್ಟೊಂದು ಕೋಪನ ಇಲ್ಲಿ ನನ್ನ ಮೇಲೆ ಖರ್ಚು ಮಾಡಿ ಏನು ಪ್ರಯೋಜನ?" ಎಂದಳು ಅತ್ತಿಗೆ, ಕಾಜ ಹಾಕುತ್ತಾ. "ಹೋಗಿ ಎದುರಿಗೆ ಬೈದು ಬಾ. ಬಸ್ಸಿದೆ."

"ನಾನ್ಯಾಕೆ ಹೋಗಲಿ?"

"ಹೋಗ್ಬೇಡ ಹಾಗಾದ್ರೆ. ಇಲ್ಲೇ ಕೂತು ಗೋಡೆಗೆ ಬೈ."

ಅವಳು ಹೋದಳು. ಬೈಯಲೆಂದೇ ಹೋದಳು, ಹಾಗಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಬಸ್ಸಿನ ಕಿಟಕಿಯಲ್ಲಿ ಕೂತು ಬೈಗುಳಗಳನ್ನು ಸಾಲಾಗಿ ಜೋಡಿಸಿದಳು. ಇಳಿಯುವ ಹೊತ್ತಿಗೆ ಅರ್ಧ ಮರೆತುಹೋಗಿದ್ದವು.

ಹಾಲ್ ಸಣ್ಣದು. ಬಾಗಿಲ ಮುಂದೆ ಕೆಲವು ಮೆಟ್ಟಿಲು. ಅವುಗಳ ಮೇಲೆ ಹೊಸ ಹಲಗೆಯ ಇಳಿಜಾರು. ಮರ ಇನ್ನೂ ಹಸಿ, ಮೊಳೆಗಳು ಹೊಳೆಯುತ್ತಿದ್ದವು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ.

ಒಳಗಡೆ ಅಂಗಳದಂಥ ಜಾಗದಲ್ಲಿ ಟೀ ಕೌಂಟರ್ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಗುಬ್ಬಿಯನ್ನು ನೋಡಿ ನಕ್ಕಳು.

"ಪ್ರೋಗ್ರಾಂ ಸಂಜೆಗಮ್ಮ. ಕೂತ್ಕೊಳ್ಳಿ."

"ಹೊರಗಡೆ ಹಲಗೆ ಯಾರಿಗೆ?"

"ಅದಾ... ಯಾರೋ ಚಿತ್ರ ಬರೆಯೋ ಮೇಡಂ ಬರ್ತಾರಂತೆ. ಗಾಲಿಕುರ್ಚಿಯಲ್ಲಿ ಓಡಾಡೋರಂತೆ. ನಮ್ಮ ಸಂಗೀತದ ಸಾರ್ ಅವರೇ ಮರಗೆಲಸದವನನ್ನ ಕರೆಸಿ, ಪಕ್ಕದಲ್ಲಿ ನಿಂತು ಮಾಡಿಸಿದ್ರು. ಬೆಳಗಿಂದ ಬಾಗಿಲು ಬಿಟ್ಟು ಕದಲಿಲ್ಲ ನೋಡಿ. ಈಗಷ್ಟೇ ಒಳಗೆ ಹೋದ್ರು."

"ಗಾಲಿಕುರ್ಚಿ?"

"ಹೂಂ. ಫೋನಲ್ಲಿ ಗಾಲಿ ಸದ್ದು ಕೇಳಿಸ್ತಿತ್ತಂತೆ."

ಗುಬ್ಬಿ ಹತ್ತಿರದ ಮೇಜಿನ ಮುಂದೆ ಕೂತಳು.

ಕಿರುಗುಟ್ಟುವ ಕುರ್ಚಿ. ಅದು ಬಿಟ್ಟು ನಾನಿಲ್ಲ ಎಂದ ತನ್ನದೇ ಮಾತು. ಅವನಿಗೆ ಗೊತ್ತೇ ಇರಲಿಲ್ಲ. ಅವಳು ಹೇಳಿರಲಿಲ್ಲ, ಅವನು ಕೇಳುವಂತಿರಲಿಲ್ಲ, ಕಂಡವರು ಆಡುವಂತಿರಲಿಲ್ಲ. ಅವಳ ಕಾಲು ಸರಿಯಿಲ್ಲ ಎಂದು ಅವನು ತಿಳಿದುಕೊಂಡಿದ್ದ. ಕೈಯ ಸುದ್ದಿ ಅವನ ತಲೆಯಲ್ಲೇ ಇರಲಿಲ್ಲ.

'ಹಾಗಾದ್ರೆ ಆ ಗೆರೆನ... ಬರೀ ಗೆರೆ ಅಂತಲೇ ಇಷ್ಟಪಟ್ರಾ? ಬೇಕಂತಲೇ ಹಾಗೆ ಎಳೆದೆ ಅಂದುಕೊಂಡ್ರಾ? ಧೈರ್ಯ ಅಂದಿದ್ದು ಅದಕ್ಕಾ?'

ಜೀವನದಲ್ಲಿ ಒಬ್ಬರಾದರೂ ಕೈಯನ್ನು ಮರೆತು ಚಿತ್ರ ಚೆನ್ನಾಗಿದೆ ಅನ್ನಲಿ ಎಂದು ಕಾದವಳು. ಹಾಗೆ ಅಂದವನಿಗೇ ಅವಳು ಬಾಗಿಲು ಮುಚ್ಚಿದ್ದಳು.

ಹೆಂಗಸು ಕೇಳದೆಯೇ ಟೀ ತಂದಿಟ್ಟು ನೀರು ತರಲು ಹಿಂದಕ್ಕೆ ಹೋದಳು. ಅಷ್ಟರಲ್ಲಿ ಹಾಲ್‌ನ ಒಳಬಾಗಿಲು ತೆರೆಯಿತು. ಬಿಳಿ ಕೋಲು ಮುಂದಿಟ್ಟು ಅವನು ಹೊರಬಂದ. ಪರದೆಯ ಮೇಲೆ ಕಂಡದ್ದಕ್ಕಿಂತ ಎತ್ತರವಿದ್ದ, ಶರ್ಟಿನ ತೋಳಿಗೆ ಮರದ ಹೊಟ್ಟು ಅಂಟಿತ್ತು. ಅವನು ಗೋಡೆಗೊರಗಿ ಬೀದಿಯ ಕಡೆ ಕಿವಿಗೊಟ್ಟು ನಿಂತ.

ಈಗ ಗುಬ್ಬಿ ಬೈಯಬೇಕಿತ್ತು. ಅಥವಾ ಕ್ಷಮೆ ಕೇಳಬೇಕಿತ್ತು. ಎರಡನ್ನೂ ಬಿಟ್ಟು ಅವಳು ಮುಂದಿದ್ದ ಟೀ ಕಡೆ ನೋಡಿದಳು. 'ಹೇಗೂ ಇವರಿಗೆ ಕಾಣಲ್ಲ...' ಎಂದುಕೊಂಡು, ಪರರೆದುರು ಮೊಟ್ಟಮೊದಲ ಬಾರಿಗೆ, ಅವಳು ಕಪ್ಪು ಎತ್ತಿದಳು.

ಕಪ್ಪು ಸಾಸರಿನ ಮೇಲೆ ಸಣ್ಣಗೆ ಕಟಕಟ ಎಂದಿತು.

ಅವನ ತಲೆ ಥಟ್ಟನೆ ಇತ್ತ ತಿರುಗಿತು. ಎಷ್ಟೋ ವಾರ ಅವನು ಅವಳ ಗೆರೆಗಳ ಆ ಲಯದ ಜೊತೆಗೇ ಎದ್ದು ಮಲಗಿದ್ದ.

"ಗುಬ್ಬಿಯವರೇ?"

ಅವಳು ಕಪ್ಪು ಕೆಳಗಿಟ್ಟಳು. ಅದು ಇನ್ನೊಂದಿಷ್ಟು ಸದ್ದು ಮಾಡಿ ಸುಮ್ಮನಾಯಿತು.

"ಆ ಗೆರೆಯ ನಡುಕ ಕಲೆ ಅಲ್ಲ," ಎಂದಳು. "ನಾನು ಬೇಕಂತ ಹಾಗೆ ಎಳೀತಿರಲಿಲ್ಲ. ನನ್ನ ಕೈ ನಡುಗುತ್ತೆ. ಚಿಕ್ಕಂದಿನಿಂದ. ಅದನ್ನ ಮುಚ್ಚೋಕೇ ಮೇಲಿನ ಲೇಯರ್. ನೀವು ಎಲ್ಲರೆದುರು ಅದಕ್ಕೆ ಹೆಸರಿಟ್ಟಾಗ... ಗೊತ್ತಿದ್ದೇ ಹೇಳ್ತಿದ್ದೀರಿ ಅಂದುಕೊಂಡೆ."

ಅವನು ಕೋಲಿನಿಂದ ಕುರ್ಚಿ ತಡವಿ, ಎದುರಿಗೆ ಕೂತ.

"ನಾನು ಗಾಲಿಕುರ್ಚಿ ಅಂದುಕೊಂಡಿದ್ದೆ," ಎಂದ.

"ಆಫೀಸ್ ಕುರ್ಚಿ. ಒಂದು ಗಾಲಿಗೆ ಎಣ್ಣೆ ಬೇಕು."

"ಹಲಗೆ ಮಾಡಿಸಿದ್ದೆ."

"ಅದರ ಮೇಲೇ ಹತ್ತಿ ಬಂದೆ. ಚೆನ್ನಾಗಿದೆ."

ಅವನು ನಕ್ಕ. ಅವಳೂ ನಕ್ಕಳು, ಕಣ್ಣೊರೆಸಿಕೊಳ್ಳುತ್ತಾ. ಆದರೆ ಅವಳ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಇಷ್ಟು ದಿನ ಇವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಇನ್ನು ಮೇಲೆ ಇವನಾಡುವ ಒಂದೊಂದು ಒಳ್ಳೆಯ ಮಾತಿನ ಹಿಂದೆಯೂ ಪಾಪ ಎಂಬುದು ಇದ್ದರೆ?

"ಈಗ ಹೇಳಿ," ಎಂದಳು. "ಈಗ ಗೊತ್ತಾಯ್ತಲ್ಲ. ನನ್ನ ಗೆರೆ ಹೇಗಿದೆ?"

ಅವನು ಯೋಚಿಸಿದ.

"ಆ ಬೋಳು ಮರ ಚೆನ್ನಾಗಿಲ್ಲ," ಎಂದ.

"ಏನಂದ್ರಿ?"

"ಮರದ ಬಲಗಡೆ ಕೊಂಬೆಗಳು. ಅಲ್ಲಿ ನೀವು ಸೋಮಾರಿತನ ಮಾಡಿದ್ದೀರಿ. ಒಂದೇ ಕೊಂಬೆನ ನಕಲು ಮಾಡಿ ಮೂರು ಕಡೆ ಅಂಟಿಸಿದ್ದೀರಿ. ಒಂದೇ ಸದ್ದು ಮೂರು ಸಲ ಕೇಳುತ್ತೆ. ಮೊದಲೇ ಹೇಳಬೇಕಿತ್ತು, ನೀವು ಬೇಜಾರು ಮಾಡ್ಕೋತೀರೇನೋ ಅಂತ ಬಿಟ್ಟೆ."

ಗುಬ್ಬಿ ಬಾಯಿ ತೆರೆದು ಅವನನ್ನೇ ನೋಡಿದಳು. ಅವನು ಹೇಳಿದ್ದು ಅಕ್ಷರಶಃ ನಿಜ. ಅಂಟಿಸಿದ್ದಳು.

"ಈಗ್ಲೇ ಹೇಳಬೇಕಿತ್ತಾ ಅದನ್ನ?"

"ಈಗ ಹೇಳದಿದ್ರೆ ಬೀದಿ ಚೆನ್ನಾಗಿದೆ ಅಂದಿದ್ದನ್ನ ನೀವು ನಂಬ್ತಿರಲಿಲ್ಲ."

ಗುಬ್ಬಿಯ ಎದೆಯ ಮೇಲೆ ವರ್ಷಗಳಿಂದ ಕೂತಿದ್ದ ಭಾರ ಇಳಿಯಿತು. ಯಾರಾದರೂ ತನ್ನ ಚಿತ್ರವನ್ನು ತೆಗಳಿದಾಗ ಇಷ್ಟು ಸಂತೋಷವಾಗಬಹುದು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಮೌನ ಬಿಟ್ಟಿದ್ದೀರಲ್ಲ, ನನ್ನ ಗೆರೆ ಇದ್ದ ಕಡೆ?" ಎಂದಳು.

"ಬಿಟ್ಟಿದ್ದೀನಿ. ಕೇಳೋಕಾಗ್ತಿಲ್ಲ. ಮನೆಯವರೆಲ್ಲ ಎದ್ದುಹೋದ ಮನೆ ಥರ ಇದೆ." ಅವನ ಬೆರಳು ಮೇಜಿನ ಅಂಚನ್ನು ಸವರುತ್ತಿತ್ತು. "ಗುಬ್ಬಿಯವರೇ, ನಿಮ್ಮ ಗೆರೆ ಇಲ್ಲದೆ ತುಣುಕು ನಡೆಯುತ್ತೆ, ಹೇಗೋ ನಡೆಯುತ್ತೆ. ನಿಮ್ಮ ಕರೆ ಬರದೆ ನನಗೆ ದಿನ ನಡೀತಿಲ್ಲ. ನನಗೆ ನೀವು ಬೇಕು. ನಿಮಗೇನು ಬೇಕು ಅಂತ ಕೇಳೋದು ನಿಯಮ, ಅದಕ್ಕೇ ಮೊದಲು ನನ್ನದು ಹೇಳಿಬಿಟ್ಟೆ."

ಅವಳು ಚೀಲದಿಂದ ಚಿತ್ರ ಬಿಡಿಸುವ ಟ್ಯಾಬ್ಲೆಟ್ ತೆಗೆದು ಮೇಜಿನ ಮೇಲಿಟ್ಟಳು.

"ಮರ ಮತ್ತೆ ಬಿಡಿಸ್ತೀನಿ," ಎಂದಳು. "ಸಂಜೆ, ವೇದಿಕೆ ಮೇಲೆ, ಎಲ್ಲರೆದುರು. ನೀವು ನುಡಿಸ್ತಾ ಹೋಗಿ. ಹೆಸರು 'ನಡುಕ' ಅಂತಲೇ ಇರಲಿ."

"ಮೇಲಿನ ಲೇಯರ್?"

"ಅವರು ಇನ್ನು ಬರಲ್ಲ."

ಟೀ ಆರಿಹೋಗಿತ್ತು. ಗುಬ್ಬಿ ಎದ್ದು ಕೌಂಟರಿನಿಂದ ಅವನಿಗೊಂದು ಬಿಸಿ ಕಪ್ಪು ತಂದಳು. ಕಟಕಟ ಸದ್ದು ಮಾಡುತ್ತಾ, ದಾರಿಯುದ್ದಕ್ಕೂ ಚೆಲ್ಲುತ್ತಾ ತಂದಳು. ಟೀ ಕೌಂಟರಿನ ಹೆಂಗಸು ನೋಡುತ್ತಲೇ ಇದ್ದಳು. ನೋಡಿಕೊಳ್ಳಲಿ.

"ಅರ್ಧ ಚೆಲ್ಲಿಹೋಯ್ತು," ಎಂದಳು, ಅವನ ಕೈಗೆ ಕೊಡುತ್ತಾ.

ಅವನು ಕಪ್ಪನ್ನಷ್ಟೇ ಅಲ್ಲದೆ ಅದನ್ನು ಹಿಡಿದ ಅವಳ ಕೈಯನ್ನೂ ಸೇರಿಸಿ ಹಿಡಿದುಕೊಂಡ. ಅವಳ ಕೈ ನಡುಗುತ್ತಲೇ ಇತ್ತು. ಅವನು ಅದನ್ನು ಅದುಮಿ ನಿಲ್ಲಿಸಲು ಹೋಗಲಿಲ್ಲ.

"ನಮ್ಮ ಮನೇಲಿ ಟೀ ಯಾವಾಗ್ಲೂ ನೀವೇ ತರಬೇಕು," ಎಂದ.

"ನಮ್ಮ ಮನೇನಾ?" ಅವಳ ಮುಖ ಕೆಂಪಾಯಿತು. "ಚೆಲ್ಲೋಳ ಕೈಲಿ ಯಾಕೆ?"

"ನೀವು ಬರ್ತಿದ್ದೀರಿ ಅಂತ ನಂಗೆ ಗೊತ್ತಾಗ್ಬೇಕಲ್ಲ."